ಎದುರು ಗೋಡೆಯ ಎರಡು ಚಿತ್ರ

ಸೆಪ್ಟೆಂಬರ್ 2, ಮಂಗಳವಾರ

ಒಂಬತ್ತು ವರ್ಷ ನನ್ನ ಚಿತ್ರಗಳನ್ನು ಎಲ್ಲೆಲ್ಲಿ ನೇತುಹಾಕಿದರು ಅಂತ ಇವತ್ತು ಬರೆದಿಡುತ್ತೇನೆ. ಕೈತೊಳೆಯುವ ಜಾಗದ ಪಕ್ಕ ನಾಲ್ಕು ಸಲ. ಮೆಟ್ಟಿಲ ತಿರುವಿನಲ್ಲಿ ಮೂರು ಸಲ. ಒಂದು ಸಲ ಕಿಟಕಿಗೆ ಎದುರಾಗಿ, ಬೆಳಕು ಬಡಿದು ಏನೂ ಕಾಣದ ಹಾಗೆ. ಹೋದ ವರ್ಷ ಬೆಂಕಿ ಆರಿಸುವ ಸಿಲಿಂಡರಿನ ನೆತ್ತಿಯ ಮೇಲೆ. ಒಬ್ಬಾತ ಅಲ್ಲಿ ಬಹಳ ಹೊತ್ತು ನಿಂತಿದ್ದ. ಖುಷಿಯಿಂದ ಹತ್ತಿರ ಹೋದರೆ, ಸಿಲಿಂಡರಿನ ಮೇಲಿನ ಸೂಚನೆ ಓದುತ್ತಿದ್ದ.

ಈ ವರ್ಷದ ವಲಯ ಪ್ರದರ್ಶನದ ಪಟ್ಟಿ ಇವತ್ತು ಬಂತು. ಏಳು ಊರಿನ ಕಲಾವಿದರ ಸಂಘಗಳು ಸೇರಿ ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನ ಅದು. ನಮ್ಮ ಊರಿಂದ ಇಪ್ಪತ್ತಾರು ಚಿತ್ರ. ನನ್ನ ಹೆಸರಿನ ಮುಂದೆ 'ಎದುರು ಗೋಡೆ' ಅಂತ ಇದೆ. ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಗೋಡೆ! ಬಣ್ಣದಂಗಡಿಯ ಕೌಂಟರಿನ ಹಿಂದೆ ನಿಂತು ಮೂರು ಸಲ ಓದಿದೆ. ಗಿರಾಕಿಯೊಬ್ಬರು ತಮ್ಮ ಮನೆ ಗೋಡೆಯ ಚೂರು ಹಿಡಿದುಕೊಂಡು, "ಮೇಡಂ, ಇದೇ ಬಣ್ಣ ಬೇಕು" ಅಂತ ಕೂಗುತ್ತಲೇ ಇದ್ದರು.

ನಾಲ್ಕನೇ ಸಲ ಓದುವಾಗ ಕೆಳಗಿನ ಸಾಲು ಕಂಡಿತು. ಆ ಗೋಡೆಗೆ ಎರಡು ಚಿತ್ರ. ಇನ್ನೊಂದು ಟೈಲರಮ್ಮನದು. ಸಂಘಕ್ಕೆ ಸೇರಿ ಎಂಟು ತಿಂಗಳಾಗಿಲ್ಲ, ಬ್ಲೌಸು ಹೊಲಿಯುವವಳು, ಇದೇ ಮೊದಲ ಪ್ರದರ್ಶನ. ನನಗೆ ಒಂಬತ್ತು ವರ್ಷ ಬೇಕಾಯಿತು, ಅವಳಿಗೆ ಎಂಟು ತಿಂಗಳು ಸಾಕಾಯಿತು. ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ, ತಕ್ಕಡಿ ಬಿಚ್ಚಿಕೊಂಡು ಕೂತಿದ್ದವರು ತಲೆ ಕೂಡ ಎತ್ತಲಿಲ್ಲ. "ಎದುರು ಗೋಡೆ ಬೇಕು ಅಂತಿದ್ದೆ, ಸಿಕ್ತು. ಇನ್ನೂ ಯಾಕೆ ಉರಿದು ಬೀಳ್ತೀಯಾ?" ಅಂದರು. ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡುವ ಮನುಷ್ಯನಿಗೆ ನ್ಯಾಯ ಅನ್ಯಾಯ ಮಾತ್ರ ತೂಗುವುದಕ್ಕೆ ಬರುವುದಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಸಂಘದ ಕೋಣೆಯಲ್ಲಿ ಸಭೆ. ಎಲ್ಲರೂ ಚಿತ್ರ ತಂದು ತೋರಿಸಬೇಕಿತ್ತು. ನಮ್ಮ ಕಾರ್ಯದರ್ಶಿ ಎಂದಿನಂತೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಓಡಾಡಿದರು. ಆ ಟೇಪು ಹಾಕಿಕೊಂಡೇ ಮಲಗುತ್ತಾರೋ ಏನೋ.

ನನ್ನದು ನಾಲ್ಕಡಿ ಅಗಲದ ಚಿತ್ರ. ನಮ್ಮ ಅಂಗಡಿಯ ಷಟರು, ಮುಚ್ಚಿರುವುದು, ಅಷ್ಟಗಲಕ್ಕೂ ಅಡ್ಡಪಟ್ಟಿಗಳು. ಅದರ ಕೆಂಪು ನನ್ನದೇ ಕೈಯ ಮಿಶ್ರಣ: ಕಬ್ಬಿಣಕ್ಕೆ ಬಳಿಯುವ ಕೆಂಪಿನ ಹದಕ್ಕೆ ತಂದು, ಚಿಟಿಕೆಯಷ್ಟು ನೇರಳೆ ಹಾಕಿದ್ದು. ಇಪ್ಪತ್ತೆಂಟು ವರ್ಷ ಬಣ್ಣ ಕಲಸಿದ ಕೈ ಇದು. ಆ ಕೆಂಪನ್ನು ಇನ್ನೊಬ್ಬರು ತಂದು ತೋರಿಸಲಿ, ಕೆಲಸ ಬಿಟ್ಟುಬಿಡುತ್ತೇನೆ. ಅತ್ತೆಗೆ ಮಾತ್ರ ಅದು ಹಿಡಿಸಿಲ್ಲ. "ಬಾಗಿಲು ಹಾಕಿರೋ ಅಂಗಡಿ ಬರ್ದಿದ್ದೀಯಲ್ಲೇ, ಯಾರು ಬರ್ತಾರೆ ಒಳಗೆ?" ಅಂತ ದಿನಕ್ಕೊಂದು ಸಲ ಕೇಳುತ್ತಾರೆ.

ಟೈಲರಮ್ಮನ ಚಿತ್ರದಲ್ಲಿ ಒಂದು ಟೇಬಲ್ಲು, ಅದರ ಮೇಲೆ ಒಂದು ಬಿಳಿ ಬಟ್ಟೆ. ಅಷ್ಟೇ. ಹಿಂದೆ ಗೋಡೆ, ಅದೂ ಬಿಳಿ. ಇದೇನು, ಬಣ್ಣ ತರುವುದಕ್ಕೆ ಮರೆತಿದ್ದಳೇ ಅಂದುಕೊಂಡೆ. ಕಾರ್ಯದರ್ಶಿ ಎರಡನ್ನೂ ಅಕ್ಕಪಕ್ಕ ಇಟ್ಟು, ಹಿಂದೆ ಹೆಜ್ಜೆ ಇಟ್ಟು ನೋಡಿ, "ಒಂದಕ್ಕೊಂದು ಚೆನ್ನಾಗಿ ಎತ್ತಿಕೊಡುತ್ತೆ" ಅಂದರು.

"ಯಾವುದು ಯಾವುದನ್ನ ಎತ್ತುತ್ತೆ ಸಾರ್?" ಅಂತ ಕೇಳಿದೆ. ಟೇಪು ಎಳೆದು ಏನೋ ಅಳೆಯತೊಡಗಿದರು.

ಆಮೇಲೆ ನಿಯಮ ಓದಿದರು. ವ್ಯಾನಿನಲ್ಲಿ ಚಿತ್ರಗಳನ್ನು ಮುಖಕ್ಕೆ ಮುಖ ಮಾಡಿ ಜೋಡಿಸುತ್ತಾರೆ, ಮೂಲೆಗಳಿಗೆ ರಟ್ಟು ಕೊಟ್ಟು. ಹಾಗಾಗಿ ಬಣ್ಣ ಪೂರ್ತಿ ಒಣಗಿರಬೇಕು. ಹಸಿ ಚಿತ್ರ ಕೊಟ್ಟು ಇನ್ನೊಬ್ಬರದು ಹಾಳಾದರೆ ಅಂಥವರ ಚಿತ್ರ ಇಳಿಸುತ್ತಾರೆ, ಏಳು ಸಂಘಗಳಲ್ಲೂ ಮೂರು ವರ್ಷ ಪ್ರವೇಶವಿಲ್ಲ. ಎಲ್ಲರೂ ತಲೆಯಾಡಿಸಿದೆವು. ಪ್ರತಿ ವರ್ಷ ಓದುತ್ತಾರೆ, ಪ್ರತಿ ವರ್ಷ ಆಡಿಸುತ್ತೇವೆ.

ಒಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಆ ಬಿಳಿಯ ಪಕ್ಕದಲ್ಲಿ ನನ್ನ ಷಟರು ಸಪ್ಪೆ ಕಂಡಿತು. ಆ ಕೋಣೆಯ ಟ್ಯೂಬ್‌ಲೈಟ್ ಸರಿ ಇಲ್ಲ.

ಸೆಪ್ಟೆಂಬರ್ 15, ಸೋಮವಾರ

ಟ್ಯೂಬ್‌ಲೈಟ್ ಅಲ್ಲ. ಚಿತ್ರವನ್ನು ಹಗಲು ಬೆಳಕಿನಲ್ಲಿಟ್ಟು ನೋಡಿದೆ, ಕೆಳಗಿನ ಅರ್ಧ ಸತ್ತೇಹೋಗಿದೆ. ಒಂದು ವಾರ ಹಲ್ಲು ಕಚ್ಚಿ ಸುಮ್ಮನಿದ್ದೆ. ನಿನ್ನೆ ಮತ್ತು ಇವತ್ತು ಕೂತು ಕೆಳಗಿನ ಪಟ್ಟಿಗಳನ್ನೆಲ್ಲ ಮತ್ತೆ ಬರೆದೆ, ಬಣ್ಣ ಬಳಿಯುವ ಚಾಕುವಿನಲ್ಲಿ, ದಪ್ಪಗೆ. ಈಗ ನೋಡಬೇಕು ಅದನ್ನು! ಆ ಬಿಳಿ ಬಟ್ಟೆ ಪಕ್ಕದಲ್ಲಿ ನಿಂತು ಅಳಬೇಕು.

ಬೇಗ ಒಣಗುವ ಎಣ್ಣೆ ಬೆರೆಸಿದ್ದೇನೆ. ಫ್ಯಾನಿನ ಕೆಳಗೆ ಇಟ್ಟಿದ್ದೇನೆ. ಕಾರ್ಯದರ್ಶಿ ಕಳಿಸಿದ ಫಾರಂನಲ್ಲಿ 'ಮೇಲ್ಪದರ ಒಣಗಿದೆ: ಹೌದು / ಇಲ್ಲ' ಅಂತ ಇತ್ತು. ಹೌದು ಅಂತ ಗೀಟು ಹಾಕಿದೆ. ವ್ಯಾನು ಬರುವುದು ಗುರುವಾರ. ಗುರುವಾರಕ್ಕೆ ಒಣಗಿರುತ್ತದೆ.

ಯಜಮಾನರು ಬೆರಳಿಟ್ಟು ನೋಡಿ, "ಅಂಟುತ್ತಲ್ಲೇ" ಅಂದರು.

"ನಿಮ್ಮ ಬೆರಳು ಯಾವುದಕ್ಕೆ ಅಂಟಲ್ಲ ಹೇಳಿ. ಗ್ರೀಸು ಮೊದಲು ತೊಳ್ಕೊಳ್ಳಿ" ಅಂದೆ.

ಸೆಪ್ಟೆಂಬರ್ 18, ಗುರುವಾರ

ಸಂಘದ ಕೋಣೆಗೆ ವ್ಯಾನು ಒಂದು ಗಂಟೆ ತಡವಾಗಿ ಬಂತು. ಗಾಡಿಯವನು ಅರವತ್ತರ ಮೇಲಿನ ಮನುಷ್ಯ, ಹತ್ತಾರು ವರ್ಷದಿಂದ ಸಂಘದ ಚಿತ್ರಗಳನ್ನು ಸಾಗಿಸುವವನು. ಒಂದೊಂದು ಚಿತ್ರಕ್ಕೂ ಮಗುವಿಗೆ ಟೋಪಿ ತೊಡಿಸುವ ಹಾಗೆ ನಿಧಾನವಾಗಿ ಮೂಲೆಗೆ ರಟ್ಟು ಸಿಕ್ಕಿಸುತ್ತಾ ಕೂತ. ನನಗೆ ಅಂಗಡಿಗೆ ಹೊತ್ತಾಗುತ್ತಿತ್ತು.

ನನ್ನ ಚಿತ್ರ ಎತ್ತಿಕೊಂಡವನು ಮೂಸಿ ನೋಡಿದ. ಮೂಸಿ! "ಅಮ್ಮಾ, ಎಣ್ಣೆ ವಾಸ್ನೆ ಜೋರಾಗಿದೆ. ಒಣಗಿದ್ಯಾ? ಹಸಿ ಇದ್ರೆ ಹೇಳಿ, ಬೇರೆ ನಿಲ್ಲಿಸ್ತೀನಿ."

"ನಾನು ಬಣ್ಣದಂಗಡೀಲಿ ಇಪ್ಪತ್ತೆಂಟು ವರ್ಷದಿಂದ ಇದ್ದೀನಿ. ಹಸಿ ಯಾವುದು ಒಣಗಿದ್ದು ಯಾವುದು ಅಂತ ನಂಗೆ ಹೇಳಿಕೊಡೋಕೆ ಬರಬೇಡಿ" ಅಂದೆ.

"ಆಯ್ತಮ್ಮ" ಅಂದು ಒಳಗಿಟ್ಟ.

ಸೆಪ್ಟೆಂಬರ್ 19, ಶುಕ್ರವಾರ

ಸಿಟ್ಟು ಇಳಿದಿಲ್ಲ. ಬರೆಯದಿದ್ದರೆ ಹರಿಹಾಯುತ್ತೇನೆ ಯಾರ ಮೇಲಾದರೂ.

ಎರಡು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಪ್ರದರ್ಶನದ ಹಾಲ್ ಸೇರಿದರೆ, ಚಿತ್ರಗಳನ್ನು ಆಗಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ನನ್ನ ಷಟರಿನ ಕೆಳಗಿನ ಎಡಮೂಲೆ ಉಜ್ಜಿಹೋಗಿದೆ. ಮೂರ್ನಾಲ್ಕು ಪಟ್ಟಿಗಳ ಮೇಲಿನ ಬಣ್ಣವೇ ಇಲ್ಲ. ಒಂಬತ್ತು ವರ್ಷ ಕಾದು ಸಿಕ್ಕ ಗೋಡೆ, ಅದಕ್ಕೆ ಮೂಲೆ ಕೆಟ್ಟ ಚಿತ್ರ!

ಗಾಡಿಯವನು ಬಾಗಿಲ ಹತ್ತಿರ ಹಗ್ಗ ಸುತ್ತುತ್ತಿದ್ದ. ಅಲ್ಲೇ ಹಿಡಿದುಕೊಂಡು ಅವನ ಜನ್ಮ ಜಾಲಾಡಿದೆ. ಹೇಗೆ ಓಡಿಸಿದೆ, ಎಲ್ಲಿ ಎತ್ತಿಹಾಕಿದೆ, ಕಣ್ಣು ಎಲ್ಲಿಟ್ಟಿದ್ದೆ ಅಂತ. ಹಾಲಿನಲ್ಲಿದ್ದ ಏಳೂರಿನ ಜನ ತಿರುಗಿ ನೋಡಿದರು, ನೋಡಲಿ. ಅವನು, "ಒಂದು ತಿರುವಿನಲ್ಲಿ ಸ್ವಲ್ಪ ಜರುಗಿದ್ವು ಅಮ್ಮ, ತಕ್ಷಣ ನಿಲ್ಲಿಸಿ ಸರಿ ಮಾಡ್ದೆ" ಅಂದ. ಜರುಗಿದವಂತೆ.

ಅಷ್ಟರಲ್ಲಿ ಟೈಲರಮ್ಮ "ಅಯ್ಯೋ" ಅಂದಳು. ಅವಳ ಬಿಳಿ ಬಟ್ಟೆಯ ಮೇಲೆ ಕೆಂಪು ಕಂದಿನ ಮೂರು ಗೆರೆಗಳು, ಒಂದರ ಕೆಳಗೊಂದು, ಗೇಣುದ್ದ. ಕಾರ್ಯದರ್ಶಿ ಬಗ್ಗಿ ನೋಡಿ, "ತುಕ್ಕು" ಅಂದರು. ವ್ಯಾನಿನೊಳಗೆ ಚಿತ್ರ ಒರಗಿಸುವ ಕಬ್ಬಿಣದ ಕಂಬಿಗಳೂ ಹಾಗೇ ಅಡ್ಡಕ್ಕಿವೆ. ಸರಿಹೋಯಿತಲ್ಲ! "ನೋಡಿ, ಇವನ ಕೆಲಸ" ಅಂತ ನಾನೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ನನ್ನ ಚೀಲದಲ್ಲಿ ಆ ಕೆಂಪಿನ ಡಬ್ಬಿ ಇತ್ತು. ಅಲ್ಲೇ ಕೂತು ಉಜ್ಜಿಹೋದ ಪಟ್ಟಿಗಳನ್ನು ಸರಿಮಾಡಿದೆ. ಹತ್ತು ನಿಮಿಷದ ಕೆಲಸ. ಟೈಲರಮ್ಮ ತನ್ನ ಚಿತ್ರದ ಮುಂದೆ ನೆಲದ ಮೇಲೆ ಕೂತೇ ಇದ್ದಳು.

ಸೆಪ್ಟೆಂಬರ್ 20, ಶನಿವಾರ

ಉದ್ಘಾಟನೆ. ಎದುರು ಗೋಡೆಯಲ್ಲಿ ನನ್ನ ಚಿತ್ರ ಒಂದೇ. ಪಕ್ಕದಲ್ಲಿ ಖಾಲಿ ಮೊಳೆ. ಟೈಲರಮ್ಮನದನ್ನು ಒಳಗೆ ಆಫೀಸಿನಲ್ಲಿ ಇಟ್ಟಿದ್ದಾರೆ.

ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಏನಿತ್ತು?" ಖಾಲಿ ಮೊಳೆಯ ಬಗ್ಗೆ! ನಾನು ಪಕ್ಕದಲ್ಲೇ ನಿಂತು, ಏನಿತ್ತು ಅಂತ ವಿವರಿಸಿದೆ ಹನ್ನೆರಡು ಸಲ. ಒಂದು ಮೊಳೆಯ ಎದುರು ಸೋತೆ ಈ ವರ್ಷ.

ಸೆಪ್ಟೆಂಬರ್ 22, ಸೋಮವಾರ

ಕಾರ್ಯದರ್ಶಿ ಅಂಗಡಿಗೆ ಫೋನ್ ಮಾಡಿದರು. ಬೆಣ್ಣೆ ಹಚ್ಚುವ ದನಿ. "ಮೇಡಂ, ಆ ತುಕ್ಕು ತೆಗೆದು ಅಲ್ಲಿಗೆ ಬಿಳಿ ಹೊಂದಿಸಬೇಕು. ಏಳು ಸಂಘದಲ್ಲೂ ನಿಮ್ಮಂಥ ಕಣ್ಣು ಇನ್ನೊಬ್ಬರಿಗಿಲ್ಲ."

ಮೆಟ್ಟಿಲ ತಿರುವಿನಲ್ಲಿ ನೇತುಹಾಕುವಾಗ ಈ ಕಣ್ಣು ನೆನಪಾಗಲಿಲ್ಲ. ಆಗುವುದಿಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. "ಟೈಲರಮ್ಮ ಮೂರು ದಿನದಿಂದ ಅಂಗಡಿ ತೆಗೆದಿಲ್ಲವಂತೆ" ಅಂದರು. ಹಾಗಾದರೆ ನಾನೇನು ಅವಳ ಅಂಗಡಿ ತೆಗೆಸುವವಳೇ?

ಹೋಗುತ್ತೇನೆ ಅಂದೆ. ಮಾಲೀಕರು ರಜೆ ಕೊಟ್ಟರು, ಗೊಣಗಿಕೊಂಡು.

ಸೆಪ್ಟೆಂಬರ್ 23, ಮಂಗಳವಾರ

ಹೋಗಿ ಬಂದೆ. ಬರೆಯುವುದಿಲ್ಲ.

ಸೆಪ್ಟೆಂಬರ್ 24, ಬುಧವಾರ

ಬರೆಯದಿದ್ದರೆ ಸುಳ್ಳಾಗುತ್ತದೆಯೇ? ಆಗುವುದಿಲ್ಲ. ಬರೆಯುತ್ತೇನೆ.

ಹಾಲಿನ ಆಫೀಸಿನಲ್ಲಿ ಕೂತು, ಹತ್ತಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಮೊದಲ ಗೆರೆಯ ತುದಿಗೆ ಒತ್ತಿದೆ. ತುಕ್ಕಾದರೆ ಅದರಲ್ಲಿ ಕರಗುವುದಿಲ್ಲ, ಪುಡಿಪುಡಿಯಾಗಿ ಬರುತ್ತದೆ. ಇದು ಕರಗಿತು. ಹತ್ತಿಯ ಮೇಲೆ ಕೆಂಪು ಹರಡಿತು, ಅಂಚಿನಲ್ಲಿ ಒಂದು ಎಳೆ ನೇರಳೆ.

ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಜನ ಎಂತೆಂಥದೋ ಚೂರು ತಂದು, ಇದು ಯಾವ ಬಣ್ಣ ಅಂತ ಕೇಳಿದ್ದಾರೆ. ಒಂದನ್ನೂ ಇಷ್ಟು ಬೇಗ ಗುರುತಿಸಿರಲಿಲ್ಲ. ಮೂರು ಗೆರೆಗಳ ನಡುವಿನ ಅಂತರವನ್ನೂ ಬೆರಳಿಟ್ಟು ಅಳೆದೆ. ನನ್ನ ಷಟರಿನ ಪಟ್ಟಿಗಳದೇ ಅಳತೆ. ವ್ಯಾನಿನಲ್ಲಿ ಅವಳದೂ ನನ್ನದೂ ಮುಖಾಮುಖಿ ಇದ್ದವು.

ಟೈಲರಮ್ಮ ಪಕ್ಕದಲ್ಲೇ ಕೂತಿದ್ದಳು. "ಹೋಗುತ್ತಾ ಅಕ್ಕಾ?" ಅಂದಳು. "ಹೋಗುತ್ತೆ" ಅಂದೆ. ಹತ್ತಿಯನ್ನು ಮುದುರಿ ಚೀಲಕ್ಕೆ ಹಾಕಿಕೊಂಡೆ.

ಈಗ ಲೆಕ್ಕ ಹಾಕೋಣ. ಗೊತ್ತಿರುವುದು ನನಗೊಬ್ಬಳಿಗೆ. ಹೇಳಿದರೆ ಚಿತ್ರ ಇಳಿಯುತ್ತದೆ, ಮೂರು ವರ್ಷ ಹೊರಗೆ. ನನಗೆ ಐವತ್ತೆರಡು. ಮೂರು ವರ್ಷ ಬಿಟ್ಟು ಹೋದರೆ ಮತ್ತೆ ಕೈತೊಳೆಯುವ ಜಾಗದಿಂದ ಶುರು. ಇಷ್ಟಕ್ಕೂ ಜರುಗಿಸಿದ್ದು ಯಾರು? ಗಾಡಿಯವನು. ಸರಿಯಾಗಿ ಕಟ್ಟಿದ್ದರೆ ಹಸಿಯಾಗಿದ್ದರೂ ತಾಗುತ್ತಿರಲಿಲ್ಲ. ವಾಸನೆ ಬಂತು ಅಂದಮೇಲೆ ಬೇರೆ ನಿಲ್ಲಿಸಬೇಕಿತ್ತು. ನಾನು ಬೈದರೆ ಏನಾಯಿತು? ನಾನು ಯಾರಿಗೆ ಬೈಯುವುದಿಲ್ಲ? ಬೈಗುಳಕ್ಕೆ ಹೆದರಿ ಕೆಲಸ ಕೆಡಿಸಿಕೊಳ್ಳುವುದೇ?

ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ಅತ್ತೆ ಲೋಟ ಸದ್ದು ಮಾಡಿ ಇಟ್ಟರು ಅಂತ ಅವರ ಮೇಲೂ ರೇಗಿದೆ.

ಸೆಪ್ಟೆಂಬರ್ 26, ಶುಕ್ರವಾರ

ಗೆರೆ ಪೂರ್ತಿ ತೆಗೆದೆ. ಅದರ ಜೊತೆ ಅವಳ ಬಿಳಿಯೂ ಅಲ್ಲಲ್ಲಿ ಎದ್ದು ಬಂತು. ಇನ್ನು ಹೊಂದಿಸಬೇಕು.

ಒಂದು ಬಿಳಿ ಅಂದುಕೊಂಡಿದ್ದೆ. ಏಳಿವೆ! ಗೇಣಗಲದಲ್ಲಿ ಏಳು ಬಿಳಿ. ಮಡಿಕೆಯ ಬೆನ್ನಿಗೆ ಒಂದು, ಹೊಟ್ಟೆಗೆ ಒಂದು, ಟೇಬಲ್ಲಿನ ಅಂಚಿನಿಂದ ಇಳಿಯುವ ಕಡೆ ಹಸಿರಿನ ನೆನಪಿರುವಂಥದು ಒಂದು. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಕಲಸಿ ಎರಡು ಹಿಡಿದೆ. ಯಾರು ಕಲಿಸಿದರು ಇವಳಿಗೆ? ಯಾರೂ ಕಲಿಸಿಲ್ಲವಂತೆ. ಸಿಟ್ಟು ಬರುವುದಿಲ್ಲವೇ ಮನುಷ್ಯರಿಗೆ?

ಬಟ್ಟೆಯ ನಡುವೆ ಒಂದು ತಗ್ಗು ಇದೆ, ಕತ್ತರಿಯ ಆಕಾರದ್ದು. ಕತ್ತರಿ ಇಲ್ಲ. ಈಗತಾನೇ ಯಾರೋ ಎತ್ತಿಕೊಂಡು ಹೋದ ಹಾಗೆ. ಸಭೆಯಲ್ಲಿ ನೋಡಿದಾಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಮಧ್ಯಾಹ್ನ ಗಿರಾಕಿಗಳು ಕಡಿಮೆ ಅಕ್ಕಾ" ಅಂದಳು. "ದಿನಾ ಅರ್ಧ ಗಂಟೆ. ಅದೇ ಟೇಬಲ್ಲು, ಅದೇ ಬಟ್ಟೆ. ಎರಡು ವರ್ಷ ಹಿಡೀತು."

"ಬಟ್ಟೆ ಯಾರದು?"

"ಯಾರೋ ಒಬ್ಬರು ಹೊಲಿಯೋಕೆ ಕೊಟ್ಟು ಹೋದರು, ವಾಪಸ್ ಬರಲೇ ಇಲ್ಲ. ಕತ್ತರಿಸೋಕೆ ಮನಸ್ಸು ಬರಲಿಲ್ಲ. ನಾಳೆ ಬಂದು ಕೇಳಿದರೆ?" ಅಂದು ನಕ್ಕಳು. ಆಮೇಲೆ ಹೊರಗೆ ಹೋಗಿ ನನಗೆ ಟೀ ತಂದಳು. ದಿನಾ ತರುತ್ತಾಳೆ. ನಾನು ಹತ್ತಿ ಹಿಡಿದಿದ್ದರೆ ಲೋಟವನ್ನು ಕೈಗೇ ಹಿಡಿಸುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಲೋಟ ಪಕ್ಕಕ್ಕಿಟ್ಟು ಬಣ್ಣ ಕಲಸುತ್ತೇನೆ.

ಸೆಪ್ಟೆಂಬರ್ 28, ಭಾನುವಾರ

ಮುಗಿಯಿತು. ಏಳೂ ಹಿಡಿದೆ. ಎಲ್ಲಿತ್ತು ಗೆರೆ ಅಂತ ಬೆರಳಿಟ್ಟು ತೋರಿಸಿ ಅಂದರೆ ಕಾರ್ಯದರ್ಶಿಗೆ ಆಗಲಿಲ್ಲ. ಟೇಪು ತೆಗೆದರು, ಅಳೆದರು, ಆಗಲೇ ಇಲ್ಲ. ಜೀವನದಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿಲ್ಲ ನಾನು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಟೈಲರಮ್ಮ ನನ್ನ ಕೈ ಹಿಡಿದುಕೊಂಡಳು. ಚಿತ್ರದ ಕೆಳಗಿನ ಚೀಟಿಯಲ್ಲಿ ನನ್ನ ಹೆಸರನ್ನೂ ಬರೆಸುತ್ತಾಳಂತೆ, 'ಉಳಿಸಿಕೊಟ್ಟವರು' ಅಂತ. ಕೈ ಕೊಸರಿಕೊಂಡು, "ಅದೆಲ್ಲ ಏನೂ ಬೇಡ, ತಲೆ ಕೆಟ್ಟಿದೆಯಾ ನಿಂಗೆ?" ಅಂತ ಗದರಿದೆ. ದೊಡ್ಡ ಮನಸ್ಸು ಅಂದಳು.

ಹೊರಡುವಾಗ ಕಾರ್ಯದರ್ಶಿ ಇನ್ನೊಂದು ವಿಷಯ ಹೇಳಿದರು. ಮಂಗಳವಾರ ಸಭೆ. ಗಾಡಿಯವರಿಗೆ ಇನ್ನು ಯಾವ ಸಂಘವೂ ಕೆಲಸ ಕೊಡಬಾರದು ಅಂತ ಏಳೂರಿಗೂ ಪತ್ರ ಹೋಗುತ್ತದಂತೆ. "ಮೊದಲು ಹಿಡಿದವರು ನೀವೇ ಅಲ್ವಾ, ನೀವೂ ಒಂದು ಸಹಿ ಹಾಕಿ" ಅಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೂ ಹೊರಗೆ ಏನಿತ್ತು ಅಂತ ನೋಡಲಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಯಜಮಾನರು ಊಟಕ್ಕೆ ಕೂತಾಗ, "ಆ ಹಸಿ ಬಣ್ಣ ಕೊನೆಗೂ ಒಣಗ್ತಾ?" ಅಂತ ಕೇಳಿದರು. ಮಾಮೂಲಿ ದನಿಯಲ್ಲೇ ಕೇಳಿದ್ದು. ತಟ್ಟೆ ಬಿಟ್ಟು ಎದ್ದುಹೋದೆ.

ಸೆಪ್ಟೆಂಬರ್ 30, ಮಂಗಳವಾರ

ಸುಮ್ಮನೆ ಸಹಿ ಹಾಕಿ ಬರುವುದು ಅಂತಲೇ ಹೋದದ್ದು. ಇದನ್ನು ಖಂಡಿತವಾಗಿ ಬರೆಯುತ್ತೇನೆ, ಯಾಕೆಂದರೆ ನಾಳೆ ನನಗೇ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದುಬಿಡಬಾರದು. ಪೆನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ.

ಗಾಡಿಯವರನ್ನು ಕರೆಸಿದ್ದರು. ಬಾಗಿಲ ಹತ್ತಿರ ನಿಂತಿದ್ದರು, ಯಾರೂ ಕೂರಿ ಅನ್ನಲಿಲ್ಲ. ಕಾರ್ಯದರ್ಶಿ ಪತ್ರ ಓದಿದರು. ತುಕ್ಕು ಹಿಡಿದ ಕಂಬಿ, ನಿರ್ಲಕ್ಷ್ಯ, ಕಲಾಕೃತಿಗೆ ಹಾನಿ. ಓದಿ, "ನಿಮ್ಮದೇನಾದ್ರೂ ಹೇಳೋದಿದ್ಯಾ?" ಅಂದರು.

"ಆಮೇಲೆ ಕಂಬಿಗೆಲ್ಲ ಬಟ್ಟೆ ಸುತ್ತಿದ್ದೀನಿ ಸಾರ್, ಹೊರಗೆ ನಿಲ್ಲಿಸಿದ್ದೀನಿ ಗಾಡಿ, ಬಂದು ನೋಡಿ. ತುಕ್ಕು ನಂಗೇನೂ ಕಾಣಿಸಲಿಲ್ಲ. ವಯಸ್ಸಾಯ್ತು, ಕಣ್ಣು ಮಂಜಾಗಿರಬಹುದು." ಟೈಲರಮ್ಮನ ಕಡೆ ತಿರುಗಿದರು. "ನನ್ನಿಂದಲೇ ಆಗಿರಬಹುದಮ್ಮ. ಬೇಜಾರು ಮಾಡ್ಕೋಬೇಡಿ."

ನನಗೆ ಎಲ್ಲಿತ್ತೋ ಆ ಸಿಟ್ಟು.

"ಆಗಿರಬಹುದು ಅಂದ್ರೇನ್ರೀ?" ಅಂತ ಎದ್ದು ನಿಂತು ಕೂಗಿದೆ. "ನನ್ನದಲ್ಲ ಅಂತ ಹೇಳೋಕೆ ಬಾಯಿ ಇಲ್ವಾ ನಿಮ್ಗೆ? ಮಾಡದೇ ಇರೋದನ್ನ ಮಾಡಿರಬಹುದು ಅಂತೀರಲ್ಲ!"

"ಮೇಡಂ, ಸಮಾಧಾನ" ಅಂದರು ಕಾರ್ಯದರ್ಶಿ.

"ನೀವು ಸುಮ್ನಿರಿ! ಸಂಘ ನಡೆಸ್ತೀರ, ತುಕ್ಕು ಯಾವುದು ಬಣ್ಣ ಯಾವುದು ಅಂತ ಗೊತ್ತಾಗಲ್ವಾ? ತುಕ್ಕು ಟರ್ಪೆಂಟೈನ್‌ನಲ್ಲಿ ಕರಗುತ್ತಾ? ಅದು ನನ್ನ ಷಟರಿನ ಕೆಂಪು. ಹಸಿ ಇತ್ತು. ಇವರು ಕೇಳಿದರು, ಒಣಗಿದ್ಯಾ ಅಂತ. ಬೈದು ಕಳಿಸಿದೆ."

ನಾನೇ ಕಿರುಚಿದ್ದು, ನಾನೇ ಕೇಳಿಸಿಕೊಂಡೆ. ಕೈಯಲ್ಲಿದ್ದ ಪೆನ್ನನ್ನು ಚೀಲಕ್ಕೆ ಹಾಕಿದೆ.

ಟೈಲರಮ್ಮ ಮೆಲ್ಲಗೆ ಕೇಳಿದಳು. "ಯಾವತ್ತು ಗೊತ್ತಾಯ್ತು ಅಕ್ಕಾ?"

"ಮೊದಲನೇ ದಿನ."

"ಮೊದಲನೇ ದಿನ" ಅಂದಳು. "ಹತ್ತಿ ಚೀಲಕ್ಕೆ ಹಾಕ್ಕೊಂಡ್ರಲ್ಲ, ಆಗ್ಲೇ?"

"ಹೂಂ."

"ನಾನು ನಿಮಗೆ ದಿನಾ ಟೀ ತಂದುಕೊಟ್ಟೆ" ಅಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಚೀಲ ಎತ್ತಿಕೊಂಡು ಹೋದಳು.

ಕಾರ್ಯದರ್ಶಿ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಹರಿದರು. ನಿಯಮ ನಿಯಮವೇ ಅಂದರು, ನನ್ನ ಮುಖ ನೋಡದೆ. ಗೊತ್ತು ಅಂದೆ. ಹೊರಗೆ ಬಂದು ಗಾಡಿಯವರ ಹತ್ತಿರ ತಪ್ಪಾಯಿತು ಅಂದೆ. ಆ ಮಾತು ಹೊರಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅವರು ಆಗಲೇ ಎಂಜಿನ್ ಶುರು ಮಾಡಿದ್ದರು. ಅದನ್ನು ನಿಲ್ಲಿಸಿ, "ಏನಂದ್ರಿ ಅಮ್ಮ?" ಅಂತ ಕೇಳಿದರು. ಎರಡನೇ ಸಲ ಹೇಳಬೇಕಾಯಿತು.

"ಕಂಬಿಗೆ ಬಟ್ಟೆ ಸುತ್ತಿದ್ದು ಹೆಂಗಿದ್ರೂ ಒಳ್ಳೇದೇ ಆಯ್ತು ಬಿಡಿ" ಅಂದರು.

ಅಕ್ಟೋಬರ್ 3, ಶುಕ್ರವಾರ

ಚಿತ್ರ ಮನೆಗೆ ಬಂತು. ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಆಡದಿದ್ದರೆ ಮನೆ ಮನೆಯ ಹಾಗಿರುವುದಿಲ್ಲ. ಯಜಮಾನರು ಅದನ್ನು ಗೋಡೆಗೆ ಒರಗಿಸಿ, ಬೆರಳಿಟ್ಟು ನೋಡಬೇಕು ಅಂತ ಕೈ ಚಾಚಿ, ನನ್ನ ಕಡೆ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ನೋಡಿ" ಅಂದೆ.

"ಒಣಗಿದೆ" ಅಂದರು.

ಅಕ್ಟೋಬರ್ 11, ಶನಿವಾರ

ಪ್ರದರ್ಶನದ ಕೊನೆಯ ದಿನ. ಹೋಗುವುದಿಲ್ಲ ಅಂತ ಬೆಳಿಗ್ಗೆಯವರೆಗೂ ಹೇಳಿಕೊಂಡಿದ್ದೆ. ನನ್ನ ಏಳು ಬಿಳಿ ಹೇಗೆ ನಿಂತಿವೆ ಅಂತ ಒಂದು ಸಲ ನೋಡಬೇಕಿತ್ತು, ಅಷ್ಟೇ. ಪ್ರದರ್ಶನದಲ್ಲಿ ಹೆಸರಿಲ್ಲದೆ, ಕೊರಳಿಗೆ ಬಿಲ್ಲೆ ಇಲ್ಲದೆ, ಬಂದವರ ಸಾಲಿನಲ್ಲಿ ಒಳಗೆ ಹೋದೆ.

ಎದುರು ಗೋಡೆಯಲ್ಲಿ ಬಿಳಿ ಬಟ್ಟೆ ಒಂದೇ. ಮುಂದೆ ಏಳೆಂಟು ಜನ. ಅವರು ಸರಿಯುವವರೆಗೆ ಕಾದು, ಹತ್ತಿರ ಹೋಗಿ ನೋಡಿದೆ.

ನನ್ನ ಬಿಳಿ ಇಲ್ಲ. ಕೆರೆದು ತೆಗೆದಿದ್ದಾಳೆ! ಒಂದಲ್ಲ, ಏಳನ್ನೂ. ಅಲ್ಲಿಗೆಲ್ಲ ಬೇರೆ ಬಿಳಿ ಹಚ್ಚಿದ್ದಾಳೆ, ತನ್ನದು. ಹೊಂದಿಲ್ಲ. ಯಾರಿಗೂ ಕಾಣದಿದ್ದ ಜಾಗ ಈಗ ಹತ್ತು ಹೆಜ್ಜೆ ದೂರಕ್ಕೂ ಕಾಣುತ್ತದೆ. ಎರಡೂವರೆ ದಿನದ ನನ್ನ ಕೆಲಸ, ನನ್ನ ಕೈಯಿಂದ ಆದ ಕೆಲಸಗಳಲ್ಲೇ ಎಲ್ಲಕ್ಕಿಂತ ಒಳ್ಳೆಯದು! ನೆತ್ತಿಗೇರಿತು ಸಿಟ್ಟು. ಅವಳು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ನೇರ ಹೋದೆ.

"ಯಾಕೆ ಕೆರೆದೆ?"

"ನಿಮ್ಮದು ಚೆನ್ನಾಗೇ ಇತ್ತು" ಅಂದಳು. ಈ ಸಲ ಅಕ್ಕಾ ಅನ್ನಲಿಲ್ಲ. "ಅಲ್ಲಿ ನೋಡಿದಾಗಲೆಲ್ಲ ನೀವು ಹತ್ತಿ ಮುದುರಿದ್ದೇ ಕಾಣ್ತಿತ್ತು. ನನ್ನ ಬಟ್ಟೆ ಮೇಲೆ ಅದು ನಂಗೆ ಬೇಡ."

ಮತ್ತೆ ಚಿತ್ರದ ಮುಂದೆ ಬಂದು ನಿಂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕಾಲು ನೋಯತೊಡಗಿತು, ಆದರೂ ನಿಂತೆ. ಅವಳ ತೇಪೆ ಹೊಂದಿಲ್ಲ, ಅದು ನಿಜ. ಆದರೆ ಅದರಲ್ಲಿ ಬಟ್ಟೆ ಇದೆ. ಹಳೆಯದೊಂದು ಬಟ್ಟೆ ಎಲ್ಲೋ ಹರಿದು, ಯಾರೋ ಹೊಲಿದು, ಒಗೆದು, ಮತ್ತೆ ಹರಡಿದ ಹಾಗಿದೆ. ನನ್ನದರಲ್ಲಿ ಬರೀ ಬಣ್ಣ ಇತ್ತು. ಅವಳದೇ ಸರಿ. ಥೂ, ಅವಳದೇ ಸರಿ.

ವಾಪಸ್ ಹೋಗಿ ಕೇಳಿದೆ. ಒಂದು ಬಣ್ಣವನ್ನು ನೋಡಿ, ಇದರಲ್ಲಿ ಏನಿದೆ ಅಂತ ಇನ್ನೊಬ್ಬರನ್ನು ನಾನು ಕೇಳಿದ್ದು ಜೀವಮಾನದಲ್ಲಿ ಇದೇ ಮೊದಲು.

"ಆ ಬಿಳಿಗೆ ಏನು ಬೆರೆಸಿದೆ?"

ನನ್ನ ಮುಖವನ್ನೇ ನೋಡಿದಳು, ಚೆನ್ನಾಗಿ, ಬಟ್ಟೆಯ ಅಳತೆ ತೆಗೆಯುವವರ ಹಾಗೆ.

"ಹೇಳಲ್ಲ" ಅಂದಳು.

ಹೇಳದಿರಲಿ. ಬರುವ ದಾರಿಯಲ್ಲಿ ಬಸ್ಸಿಳಿದು ಬಿಳಿಯ ದೊಡ್ಡ ಟ್ಯೂಬು ಎರಡು ಕೊಂಡು ತಂದಿದ್ದೇನೆ. ಷಟರಿನ ಚಿತ್ರವನ್ನು ಅಟ್ಟಕ್ಕೆ ಹಾಕಿಸಿ, ಆ ಜಾಗದಲ್ಲಿ ಹೊಸ ಕ್ಯಾನ್ವಾಸು ನಿಲ್ಲಿಸಿದ್ದೇನೆ. ನನಗೆ ಮೂರು ವರ್ಷ ಇದೆ.